ಪರದೇಶಿಯ ತಿಂಗಳ ಲೆಕ್ಕ

ಚಾಮರಾಜನಗರ, ಗುಂಡ್ಲುಪೇಟೆ ಕಡೆ ಯಾರನ್ನಾದರೂ ‘ಪರ್ದೇಸಿ’ ಎಂದರೆ ಅವನು ವಿದೇಶಕ್ಕೆ ಹೋದವನೆಂದು ಅರ್ಥವಲ್ಲ. ಹೇಳುವವರು ಕೇಳುವವರು ಇಲ್ಲದವನು, ದಿಕ್ಕಿಲ್ಲದವನು ಎಂದರ್ಥ. ಬೈಗುಳಕ್ಕೂ ಮರುಕಕ್ಕೂ ಒದಗುವ ಈ ಪದದೊಳಗೆ ಒಂದು ನಂಬಿಕೆ ಅಡಗಿದೆ: ಊರು ಬಿಟ್ಟವನಿಗೆ ಜನರಿಲ್ಲ, ಊರಲ್ಲಿ ಉಳಿದವನಿಗೆ ಇದ್ದಾರೆ. ಶಿವರಾಮ ಕಾರಂತರ ‘ಅಳಿದ ಮೇಲೆ’ (1960) ಈ ನಂಬಿಕೆಯನ್ನೇ ಅಲುಗಾಡಿಸುವ ಕಾದಂಬರಿ ಎಂದು ನನಗನ್ನಿಸುತ್ತದೆ.

ಇವತ್ತು ಪರದೇಶದ ಮುಪ್ಪು ಕೆಲವರಿಗೆ ಕನಸಾಗಿದೆ. ಚಳಿ ದೇಶಗಳ ನಿವೃತ್ತರು ಥಾಯ್ಲೆಂಡಿನ ಪಟ್ಟಾಯದಂಥ ಬೆಚ್ಚನೆಯ ಕಡಲೂರುಗಳಲ್ಲಿ ಅಗ್ಗದಲ್ಲಿ ಬದುಕಬಹುದೆಂದು ಹೋಗುತ್ತಾರೆ. ಅಲ್ಲಿನ ನಿವೃತ್ತಿ ವೀಸಾಕ್ಕೆ ಐವತ್ತು ವರ್ಷ ತುಂಬಿರಬೇಕು; ತಿಂಗಳಿಗೆ 65,000 ಬಾತ್ ಆದಾಯವನ್ನೋ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಠೇವಣಿಯನ್ನೋ ತೋರಿಸಬೇಕು. ಆ ತಿಂಗಳ ಆದಾಯವೇ ನಮ್ಮ ರೂಪಾಯಿಯಲ್ಲಿ ಲಕ್ಷ ದಾಟುತ್ತದೆ. ನಮ್ಮಲ್ಲಿ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಗುಂಡ್ಲುಪೇಟೆಗೂ ಕಡಲು ದೂರವಲ್ಲ. ಬಂಡೀಪುರ, ವಯನಾಡು ದಾಟಿದ ಹೆದ್ದಾರಿ ಘಟ್ಟ ಇಳಿದು ಕೋಯಿಕ್ಕೋಡಿಗೆ ಮುಟ್ಟುತ್ತದೆ. ಆ ದಾರಿಯಲ್ಲಿ ನಮ್ಮ ತರಕಾರಿ ಹೋಗುತ್ತದೆ, ಹೂವು ಹೋಗುತ್ತದೆ; ಮುಪ್ಪು ಕಳೆಯಲು ಯಾರಾದರೂ ಹೊರಟದ್ದನ್ನು ನಾನು ಕೇಳಿಲ್ಲ.

ಕಾರಂತರ ಯಶವಂತರಾಯರು ಹಾಗೆ ಹೊರಟವರು. ಉತ್ತರ ಕನ್ನಡದ ಊರನ್ನು ಬಿಟ್ಟು ಮುಂಬಯಿಯಲ್ಲಿ ಒಬ್ಬರೇ ಮುಪ್ಪನ್ನು ಕಳೆದವರು. 1956ರವರೆಗೆ ಆ ಜಿಲ್ಲೆಯೂ ಮುಂಬಯಿ ರಾಜ್ಯಕ್ಕೇ ಸೇರಿತ್ತು; ಸರ್ಕಾರದ ನಕ್ಷೆಯಲ್ಲಿ ಅವರು ಗಡಿಯನ್ನೇ ದಾಟಿರಲಿಲ್ಲ. ಆದರೂ ಊರಿನ ಪಾಲಿಗೆ ಅವರು ಪರದೇಶಿಯೇ. ರೈಲಿನಲ್ಲಿ ಪರಿಚಯವಾದ ಲೇಖಕ, ಅಂದರೆ ಕಾರಂತರೇ ಎಂಬಂತೆ ಬರುವ ನಿರೂಪಕ, ಅವರು ತೀರಿಕೊಂಡ ಮೇಲೆ ಅವರ ಹಣಕ್ಕೂ ಕಾಗದಪತ್ರಗಳಿಗೂ ವಾರಸುದಾರನಂತಾಗುತ್ತಾನೆ. ರಾಯರು ತಿಂಗಳು ತಿಂಗಳು ಕೆಲವರಿಗೆ ಹಣ ಕಳಿಸುತ್ತಿದ್ದರೆಂದು ತಿಳಿದು, ಅವರನ್ನು ಹುಡುಕಿಕೊಂಡು ಹೊರಡುತ್ತಾನೆ.

ಈ ಕೃತಿಯನ್ನು ಸಾವಿನ ಕಾದಂಬರಿ, ಋಣದ ಕಾದಂಬರಿ ಎಂದು ತರಗತಿಗಳಲ್ಲಿ ಓದುತ್ತೇವೆ. ಅದು ತಪ್ಪಲ್ಲ. ಆದರೆ ಋಣ ಎಂಬ ದೊಡ್ಡ ಮಾತು ಇಲ್ಲಿ ತಿಂಗಳ ಲೆಕ್ಕವಾಗಿ ಬರುತ್ತದೆ ಎಂಬುದನ್ನು ನಾವು ಗಮನಿಸುವುದು ಕಡಿಮೆ. ಪಟ್ಟಾಯಕ್ಕೆ ಹೋಗುವವನ ಲೆಕ್ಕ ಬಾಡಿಗೆ, ಊಟ, ಔಷಧಿಗೆ ಮುಗಿಯುತ್ತದೆ. ರಾಯರ ಲೆಕ್ಕದಲ್ಲಿ ತಮ್ಮ ಖರ್ಚಿನ ಜೊತೆಗೆ ದೂರದವರ ಖರ್ಚೂ ಇದೆ. ಪಡೆದದ್ದನ್ನು ಹಿಂತಿರುಗಿಸಬೇಕೆಂಬ ಅವರ ವಿಚಾರ ನಮ್ಮನ್ನು ಮುಟ್ಟುವುದು, ಅದರ ಹಿಂದೆ ಈ ಕಂತುಗಳಿರುವುದರಿಂದ. ಒಬ್ಬಂಟಿ ಎಂದುಕೊಂಡವರ ಬದುಕಿಗೆ ಇಷ್ಟೊಂದು ಜನ ಹೆಣೆದುಕೊಂಡಿದ್ದರೆಂದು ನಮಗೆ ತಿಳಿಯುವುದು ಅವರು ಅಳಿದ ಮೇಲೆಯೇ.

ಹಣ ಪಡೆಯುತ್ತಿದ್ದವರಲ್ಲಿ ಪಾರ್ವತಮ್ಮ ಎಂಬ ಮುದುಕಿಯೂ ಒಬ್ಬರು. ಊರಲ್ಲೇ ಉಳಿದವರು. ‘ಪರ್ದೇಸಿ’ ಎಂಬ ಪದ ಇಲ್ಲಿ ತಿರುಗಿ ನಿಲ್ಲುತ್ತದೆ. ಊರು ಬಿಟ್ಟ ಗಂಡಸಿಗೆ ಬೇಕಾದ ಏಕಾಂತ ಸಿಕ್ಕಿತು, ನೆನಪಿಸಿಕೊಳ್ಳುವವರೂ ಸಿಕ್ಕರು. ಊರಲ್ಲೇ ಇದ್ದ ಹೆಂಗಸಿನ ಮುಪ್ಪಿಗೆ ಆಸರೆ ದೂರದ ಮುಂಬಯಿಯಿಂದ ಬರಬೇಕಾಯಿತು. ನಮ್ಮ ಹಳ್ಳಿಗಳಲ್ಲಿ ಮಕ್ಕಳು ಬೆಂಗಳೂರಿಗೋ ತಿರುಪ್ಪೂರಿಗೋ ಹೋದ ಮನೆಗಳ ಜಗುಲಿಯಲ್ಲಿ ಕೂತ ಅಜ್ಜಿಯರನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ನನ್ನ ತಕರಾರೂ ಇಲ್ಲೇ ಇದೆ. ಯಶವಂತರಾಯರನ್ನು ಅರಿಯಲು ಅವರ ಬರಹಗಳಿವೆ, ಅವುಗಳನ್ನು ಓದುವ ಒಬ್ಬ ಲೇಖಕನಿದ್ದಾನೆ. ಪಾರ್ವತಮ್ಮನವರು ನಮಗೆ ಸಿಗುವುದು ಆ ಲೇಖಕ ಕಂಡಷ್ಟು, ಕೇಳಿದಷ್ಟು ಮಾತ್ರ. ಕಾರಂತರು ಆಕೆಯನ್ನು ಪ್ರೀತಿಯಿಂದಲೇ ಬರೆದಿದ್ದಾರೆ. ಆದರೆ ಎಲ್ಲಿ ಮುದುಕಾಗಬೇಕು ಎಂಬ ಪ್ರಶ್ನೆ ರಾಯರಿಗೆ ಇರುವಂತೆ ಆಕೆಗೂ ಇದ್ದೀತೆಂದು ಕಾದಂಬರಿ ಕೇಳಿಕೊಳ್ಳುವುದಿಲ್ಲ. ಸ್ವತಃ ಕಾರಂತರು ಪುತ್ತೂರಿನಲ್ಲಿ ದಶಕಗಳ ಕಾಲ ಬಾಳಿ, ಇಳಿವಯಸ್ಸಿನಲ್ಲಿ ಹುಟ್ಟೂರು ಕೋಟದ ಪಕ್ಕದ ಸಾಲಿಗ್ರಾಮಕ್ಕೆ ಬಂದು ನೆಲೆಸಿದರು. ಹೋಗುವುದೂ ಮರಳುವುದೂ ಆಯ್ಕೆಯಾಗಿದ್ದವರ ಬದುಕು ಅದು.

ಈ ಕೊರತೆಯಿಂದ ಕಾದಂಬರಿ ಸಣ್ಣದಾಗುವುದಿಲ್ಲ. ನಾವು ಓದಬೇಕಾದ ಜಾಗವನ್ನು ಅದು ತೋರಿಸಿಕೊಡುತ್ತದೆ. ಮುಂದಿನ ಸಲ ‘ಅಳಿದ ಮೇಲೆ’ ಕೈಗೆತ್ತಿಕೊಂಡಾಗ ಸತ್ತವನ ಕಾಗದಗಳ ಜೊತೆ ಅಜ್ಜಿಯ ತಿಂಗಳನ್ನೂ ಲೆಕ್ಕ ಹಾಕಿ ನೋಡಿ. ಕಳಿಸುವ ಕೈ ನಿಂತ ಮೇಲೆ ಬರುವ ಮೊದಲ ತಿಂಗಳು ಆಕೆಗೆ ಹೇಗಿದ್ದೀತು?