ಡೊಳ್ಳು ಊರಲ್ಲೇ ಉಳಿಯಬೇಕೆ?

ಸಾಗರ್ ಪುರಾಣಿಕರ ‘ಡೊಳ್ಳು’ ಚಿತ್ರವನ್ನು ಕುರಕುಂಭದ ಬಾಡಿಗೆ ಕೋಣೆಯಲ್ಲಿ, ನೈಟ್ ಶಿಫ್ಟ್ ಮುಗಿಸಿ ಬಂದು ಮೊಬೈಲಿನಲ್ಲಿ ನೋಡಿದೆ. ಹುಡುಗರು ದುಡಿಮೆಗೆಂದು ಬೆಂಗಳೂರು ಸೇರುತ್ತಾರೆ, ಭದ್ರನ ತಂಡ ಒಡೆಯುತ್ತದೆ. ಊರು ಬಿಟ್ಟವರಲ್ಲಿ ನಾನೂ ಒಬ್ಬ, ಹಾಗಾಗಿ ಚುಚ್ಚಿತು. ಆದರೂ ಪೂರ್ತಿ ಒಪ್ಪಲಾಗಲಿಲ್ಲ. ಈ ಚಿತ್ರಕ್ಕೆ ನಗರವೆಂದರೆ ಡೊಳ್ಳನ್ನು ನುಂಗುವ ಬಾಯಿ.

ದೌಂಡ್‌ನಲ್ಲಿ ರೈಲು ಹತ್ತಿ ಪುಣೆಗೆ ಹೋದರೆ ಕಾಣುವುದೇ ಬೇರೆ. ಗಣೇಶೋತ್ಸವ ಇನ್ನೂ ದೂರವಿರುವಾಗಲೇ ಮುಠಾ ನದಿಯ ದಡದಲ್ಲಿ ಢೋಲ್-ತಾಶಾ ಪಥಕಗಳ ತಾಲೀಮು ಶುರು. ಕಾಲೇಜು ಹುಡುಗಿಯರು, ಐಟಿಯವರು ಸೊಂಟಕ್ಕೆ ಢೋಲ್ ಕಟ್ಟಿಕೊಂಡು ಪಕ್ಕದ ಪಥಕಕ್ಕಿಂತ ಒಂದು ಕೈ ಮೇಲೆಂದು ಬಾರಿಸುತ್ತಾರೆ. ಜ್ಞಾನ ಪ್ರಬೋಧಿನಿ ಶಾಲೆಗೂ ತನ್ನದೇ ಪಥಕವಿದೆ. ನಿಜ, ಬೀರಪ್ಪನ ಮುಂದೆ ಕುರುಬರು ಬಾರಿಸುವ ಡೊಳ್ಳಿನಂತೆ ಅದು ಒಂದು ಕುಲದ ಹೊಣೆಯಲ್ಲ; ಹೆಸರು ಕೊಟ್ಟು ಸೇರಬಹುದು, ಬಿಡಬಹುದು. ಚಿತ್ರ ಕೆದಕಬೇಕಿದ್ದದ್ದು ಈ ವ್ಯತ್ಯಾಸವನ್ನು.

68ನೇ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಇದು ಅತ್ಯುತ್ತಮ ಕನ್ನಡ ಚಿತ್ರ. ಚಿತ್ರೀಕರಣದ ಜಾಗದಲ್ಲೇ ಮಾಡಿದ ಧ್ವನಿಮುದ್ರಣಕ್ಕೆಂದು ಇನ್ನೊಂದು ಪ್ರಶಸ್ತಿಯೂ ಬಂತು. ಆದರೆ ಇದು ಡಬ್ ಮಾಡಿದ ಚಿತ್ರವೆಂದು ಅದರ ಧ್ವನಿ ವಿನ್ಯಾಸಕರೇ ಹೇಳಿದರು. ಸದ್ದು ಊರಿನದೋ ಸ್ಟುಡಿಯೋದ್ದೋ ಎಂದು ತೀರ್ಪುಗಾರರಿಗೇ ಗೊತ್ತಾಗಿರಲಿಲ್ಲ!