ಮತ್ಸುಯೆಯ ಇಂಗ್ಲಿಷ್ ಉಪಾಧ್ಯಾಯ

ಪರದೇಶವನ್ನು ಕುರಿತ ಗ್ರಂಥಗಳನ್ನು ಬರೆದವರಲ್ಲಿ ಊರನ್ನು ನೋಡಿಕೊಂಡು ಬಂದವರು ಬಹು ಮಂದಿ. ಅಲ್ಲಿ ಸಂಬಳಕ್ಕೆ ದುಡಿದು, ನೆರೆಹೊರೆಯವರೊಡನೆ ಬಾಳಿ, ಆಮೇಲೆ ಲೇಖನಿಯನ್ನು ಹಿಡಿದವರು ವಿರಳ. ಲಾಫ್‌ಕೇಡಿಯೊ ಹರ್ನನು ಈ ಎರಡನೆಯ ವರ್ಗಕ್ಕೆ ಸೇರಿದವನು. ೧೮೯೪ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟವಾದ ಅವನ ‘ಗ್ಲಿಂಪ್ಸಸ್ ಆಫ್ ಅನ್‌ಫ್ಯಮಿಲಿಯರ್ ಜಪಾನ್’ ಎಂಬ ಗ್ರಂಥದಲ್ಲಿ ದೇವಾಲಯಗಳ ಮತ್ತು ಉತ್ಸವಗಳ ವರ್ಣನೆ ಹೇರಳವಾಗಿದೆ. ಅದರ ಕೀರ್ತಿಗೆ ಕಾರಣವೂ ಬಹುಮಟ್ಟಿಗೆ ಅದೇ. ಆದರೆ ಎರಡನೆಯ ಸಂಪುಟದಲ್ಲಿ ಒಬ್ಬ ಇಂಗ್ಲಿಷ್ ಉಪಾಧ್ಯಾಯನ ದಿನಚರಿಯಿಂದ ಆಯ್ದದ್ದೆಂದು ಹೆಸರಿಟ್ಟಿರುವ ಅಧ್ಯಾಯವೊಂದಿದೆ. ಗ್ರಂಥಕರ್ತನ ಗುಣವೂ ಅವನ ದೃಷ್ಟಿಯ ಮೇರೆಯೂ ಒಟ್ಟಿಗೆ ತೋರಿಬರುವುದು ಅಲ್ಲಿಯೇ.

ಹರ್ನನ ಪೂರ್ವವೃತ್ತ ಸಂಕ್ಷೇಪವಾಗಿ ಇಷ್ಟು. ೧೮೫೦ರಲ್ಲಿ ಲೆಫ್ಕಾಡ ದ್ವೀಪದಲ್ಲಿ ಗ್ರೀಕ್ ತಾಯಿಗೂ ಐರಿಷ್ ತಂದೆಗೂ ಜನಿಸಿದನು, ಡಬ್ಲಿನ್ನಿನಲ್ಲಿ ಬೆಳೆದನು, ಶಾಲೆಯಲ್ಲಿ ನಡೆದ ಅಪಘಾತವೊಂದರಿಂದ ಎಡಗಣ್ಣಿನ ದೃಷ್ಟಿಯನ್ನು ಕಳೆದುಕೊಂಡನು, ಅಮೆರಿಕಕ್ಕೆ ಹೋಗಿ ವೃತ್ತಪತ್ರಿಕೆಗಳಿಗೆ ಬರೆದು ಹೊಟ್ಟೆ ಹೊರೆದನು. ತನ್ನದೆಂದು ಹೇಳಿಕೊಳ್ಳಲು ಅವನಿಗೆ ನೆಲೆಯೊಂದಿರಲಿಲ್ಲ. ೧೮೯೦ರ ಏಪ್ರಿಲ್ ತಿಂಗಳಲ್ಲಿ ಲೇಖಕನಾಗಿ ಯೊಕೊಹಾಮಕ್ಕೆ ಬಂದವನು ಪ್ರಕಾಶಕರೊಡನೆ ಮುರಿದುಕೊಂಡು, ಜೀವನೋಪಾಯಕ್ಕಾಗಿ ಉಪಾಧ್ಯಾಯವೃತ್ತಿಗೆ ಇಳಿದನು. ಶಿಂಜಿ ಸರೋವರದ ದಡದ ಮತ್ಸುಯೆ ಪಟ್ಟಣದಲ್ಲಿ, ಮಾಧ್ಯಮಿಕ ಶಾಲೆಗೂ ನಾರ್ಮಲ್ ಸ್ಕೂಲಿಗೂ ಇಂಗ್ಲಿಷ್ ಕಲಿಸತಕ್ಕದ್ದೆಂದು ಗೊತ್ತಾಯಿತು. ಸಂಬಳ ತಿಂಗಳಿಗೆ ೧೦೦ ಯೆನ್.

ದಿನಚರಿಯು ಆ ಸೆಪ್ಟೆಂಬರಿನಲ್ಲಿ ಮೊದಲಾಗುತ್ತದೆ. ಊರಿನ ಭಾಷೆ ತಿಳಿಯದು. ಶಾಲೆಯ ರೀತಿ ತಿಳಿಯದು. ನಿಶಿದ ಸೆಂತಾರೊ ಎಂಬ ಸಹೋದ್ಯೋಗಿಯು ಕೈಹಿಡಿದು ನಡೆಸುತ್ತಾನೆ. ಅಲ್ಲಿ ಉಪಾಧ್ಯಾಯನೆಂದರೆ ದಂಡಾಧಿಕಾರಿಯಲ್ಲ, ಅಣ್ಣನ ಸ್ಥಾನದಲ್ಲಿರುವವನು ಎಂಬುದನ್ನು ಹರ್ನನು ಬೇಗನೆ ಅರಿತನು. ಹುಡುಗರು ಅವನ ಮನೆಗೆ ಬರುವರು. ಸಂಕೋಚಪಡುತ್ತಲೇ ಪ್ರಶ್ನೆಗಳನ್ನು ಕೇಳುವರು. ತಂದೆಯೂ ಹೆಂಡತಿಯೂ ನೀರಿಗೆ ಬಿದ್ದಾಗ ಯುರೋಪಿನವನು ಮೊದಲು ಹೆಂಡತಿಯನ್ನು ಉಳಿಸುವನೆಂಬುದು ನಿಜವೇ ಎಂದು ಒಬ್ಬನು ವಿಚಾರಿಸುತ್ತಾನೆ. ಕಲಿಸಲು ಬಂದವನೇ ಇಲ್ಲಿ ತನ್ನವರ ಆಚಾರಕ್ಕೆ ಉತ್ತರ ಹೇಳಬೇಕಾಗಿದೆ. ಹರ್ನನು ಆ ಪ್ರಶ್ನೆಗೆ ನಗುವುದಿಲ್ಲ, ಜಾರಿಕೊಳ್ಳುವುದೂ ಇಲ್ಲ. ಹುಡುಗರ ಕಣ್ಣಿನಿಂದ ತನ್ನ ನಾಗರಿಕತೆಯನ್ನು ನೋಡುವ ಈ ತಾಳ್ಮೆಯೇ ಅಧ್ಯಾಯದ ಮುಖ್ಯ ಗುಣ. ಮರಣಶಯ್ಯೆಯಲ್ಲಿದ್ದ ಬಾಲಕನು ಶಾಲೆಯನ್ನು ಇನ್ನೊಮ್ಮೆ ನೋಡಬೇಕೆಂದು ಬೇಡಿ, ರಾತ್ರಿಯಲ್ಲಿ ಆಳಿನ ಬೆನ್ನೇರಿ ಹೋಗಿ ನೋಡಿಬಂದ ಪ್ರಸಂಗವನ್ನು ಓದಿದವರು ಮರೆಯಲಾರರು. ಅಲಂಕಾರಪ್ರಿಯನಾದ ಗ್ರಂಥಕರ್ತನು ಇಲ್ಲಿ ಅಲಂಕಾರವನ್ನು ಬಿಟ್ಟುಬಿಟ್ಟಿದ್ದಾನೆ.

ಈ ಅಧ್ಯಾಯದಲ್ಲಿ ಆಕ್ಷೇಪಣೆಗೆ ಎಡೆಯಿರುವುದು ವಿದ್ಯಾರ್ಥಿಗಳ ಪ್ರಬಂಧಗಳನ್ನು ಕುರಿತ ವಿಚಾರದಲ್ಲಿ. ಚಂದ್ರನನ್ನೋ ಬೋತಾನ್ ಹೂವನ್ನೋ ವಿಷಯವಾಗಿ ಕೊಟ್ಟರೆ ತರಗತಿಯವರೆಲ್ಲ ಹೆಚ್ಚುಕಡಮೆ ಒಂದೇ ಭಾವವನ್ನು, ಒಂದೇ ಉಪಮಾನವನ್ನು ಬರೆದು ತರುವರೆಂದು ಹರ್ನನು ಹೇಳುತ್ತಾನೆ. ಇಂಗ್ಲಿಷ್ ಅಕ್ಷರಗಳನ್ನು ಬರೆಯುವ ಕೈಬರಹದಲ್ಲಿ ಕೂಡ ಅವನಿಗೆ ಒಂದೇ ಕುಟುಂಬದ ಹೋಲಿಕೆ ಕಂಡಿತು. ಇದಕ್ಕೆ ಅವನು ಕೊಡುವ ಕಾರಣವೆಂದರೆ, ಜಪಾನೀ ಬಾಲಕನ ಕಲ್ಪನೆಯು ಶತಮಾನಗಳ ಹಿಂದೆಯೇ ಚೀನದಲ್ಲಿಯೂ ಸ್ವದೇಶದಲ್ಲಿಯೂ ಸಿದ್ಧವಾಗಿ ಬಂದದ್ದು, ಅವನ ಸ್ವಂತದ್ದಲ್ಲ ಎಂಬುದು.

ಸಂಪ್ರದಾಯದ ಬಲವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಆ ಪ್ರಬಂಧಗಳು ಯಾವ ಭಾಷೆಯಲ್ಲಿದ್ದುವೆಂಬುದನ್ನು ಗ್ರಂಥಕರ್ತನು ತಕ್ಕಷ್ಟು ಗಮನಿಸಿದಂತೆ ಕಾಣುವುದಿಲ್ಲ. ಪರಭಾಷೆಯನ್ನು ಕೆಲವೇ ವರ್ಷ ಕಲಿತ ಹುಡುಗನು ತನಗೆ ತೋಚಿದ್ದನ್ನೆಲ್ಲ ಬರೆಯಲಾರನು. ತನ್ನಲ್ಲಿರುವ ಮಾತುಗಳಿಗೆ ಒದಗುವುದನ್ನಷ್ಟೇ ಬರೆಯುವನು. ಮೂವತ್ತು ಮಂದಿಗೆ ಇರುವ ಶಬ್ದಭಂಡಾರ ಒಂದೇ ಆದರೆ, ಮೂವತ್ತು ಪ್ರಬಂಧಗಳು ಒಂದೇ ಆಗುವುದು ಆಶ್ಚರ್ಯವಲ್ಲ. ಇಂಗ್ಲಿಷನ್ನು ಪಾಠಶಾಲೆಯಲ್ಲಿ ಕಲಿತವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹರ್ನನ ತೀರ್ಮಾನಕ್ಕೆ ಪ್ರತಿಸಾಕ್ಷಿಯು ಹರ್ನನ ಬರಹದಲ್ಲಿಯೇ ಇದೆ. ಮನುಷ್ಯನ ನೆನಪಿನಲ್ಲಿ ಬಹುಕಾಲ ನಿಲ್ಲುವುದು ಯಾವುದೆಂಬ ವಿಷಯವನ್ನು ಕೊಟ್ಟಾಗ, ನಾಲ್ಕನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡವನೊಬ್ಬನು ಆ ಚಳಿಗಾಲದ ದಿನವನ್ನು ಬರೆದನು. ಅದು ಚೀನದಿಂದ ಬಂದ ಕಲ್ಪನೆಯಲ್ಲ. ಮೆಚ್ಚಿನ ಶಿಷ್ಯರನ್ನು ವರ್ಣಿಸುವಾಗಲೂ ಗ್ರಂಥಕರ್ತನು ಒಬ್ಬೊಬ್ಬನ ಸ್ವಭಾವವನ್ನೂ ಬೇರೆ ಬೇರೆಯಾಗಿಯೇ ಚಿತ್ರಿಸುತ್ತಾನೆ. ಅವನ ಸಿದ್ಧಾಂತಕ್ಕಿಂತ ಅವನ ಅಕ್ಕರೆಯೇ ಹೆಚ್ಚು ಸರಿಯಾಗಿ ಕಂಡಿದೆ.

ಈ ನ್ಯೂನತೆಗೆ ಮೂಲ ಭಾಷೆಯಲ್ಲಿದೆ. ಸಮುರಾಯಿ ಮನೆತನದ ಕೊಯ್ಜುಮಿ ಸೆತ್ಸು ಎಂಬಾಕೆಯೊಡನೆ ಸಂಸಾರ ಹೂಡಿ, ೧೮೯೬ರಲ್ಲಿ ಜಪಾನಿನ ಪ್ರಜೆಯಾಗಿ ಕೊಯ್ಜುಮಿ ಯಾಕುಮೊ ಎಂಬ ಹೆಸರನ್ನು ಪಡೆದರೂ, ಜಪಾನೀ ಗ್ರಂಥಗಳನ್ನು ಸ್ವತಃ ಓದುವ ಸಾಮರ್ಥ್ಯ ಅವನಿಗೆ ಬರಲಿಲ್ಲ. ಗಂಡಹೆಂಡಿರು ತಮಗೇ ಆದ ಸರಳವಾದ ಒಂದು ನುಡಿಯಲ್ಲಿ ಮಾತನಾಡಿಕೊಳ್ಳುತ್ತಿದ್ದರು. ಆ ನುಡಿಯಲ್ಲಿ ಆಕೆ ಹೇಳಿದ ಕತೆಗಳಿಂದಲೇ ಅವನ ಪ್ರಸಿದ್ಧ ಕಥಾಸಂಗ್ರಹಗಳ ಬಹುಭಾಗ ಬೆಳೆಯಿತು. ಕತೆಗೆ ಅಷ್ಟು ಭಾಷೆ ಸಾಕಾಯಿತು. ಒಂದು ಜನಾಂಗದ ಮನಸ್ಸನ್ನು ಕುರಿತು ತೀರ್ಪು ಕೊಡುವುದಕ್ಕೆ ಸಾಲದಾಯಿತು.

ಮತ್ಸುಯೆಯ ವಾಸ ಹದಿನೈದು ತಿಂಗಳನ್ನೂ ಮೀರಲಿಲ್ಲ. ೧೮೯೧ರ ನವೆಂಬರಿನಲ್ಲಿ ಕುಮಮೊತೊ ನಗರದ ದೊಡ್ಡ ಶಾಲೆಗೆ ಹೋದನು. ಅಲ್ಲಿ ಮೊದಲಿನ ಸಲಿಗೆ ದೊರೆಯಲಿಲ್ಲ. ೧೮೯೬ರಿಂದ ಟೋಕಿಯೋ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದನು. ೧೯೦೩ರಲ್ಲಿ ಆ ಸ್ಥಾನವೂ ತಪ್ಪಿತು. ಅವನ ತೆರವಿಗೆ ಬಂದವರಲ್ಲಿ ಒಬ್ಬನು ನತ್ಸುಮೆ ಸೋಸೆಕಿ, ಮುಂದೆ ಜಪಾನಿನ ಮಹಾ ಕಾದಂಬರಿಕಾರನಾದವನು. ಸೋಸೆಕಿಯೂ ಇಂಗ್ಲಿಷ್ ಉಪಾಧ್ಯಾಯನೇ. ೧೯೦೦ರಲ್ಲಿ ಸರ್ಕಾರವು ಅವನನ್ನು ಲಂಡನ್ನಿಗೆ ಕಳುಹಿಸಿತ್ತು. ಹರ್ನನಿಗಿಂತ ಎಷ್ಟೋ ಚೆನ್ನಾಗಿ ಅಲ್ಲಿಯ ಭಾಷೆ ಬಲ್ಲವನಾದರೂ, ಬಾಡಿಗೆಯ ಕೋಣೆಯಲ್ಲಿ ಪುಸ್ತಕಗಳ ನಡುವೆ ಒಂಟಿಯಾಗಿ ಎರಡು ವರ್ಷ ಕಳೆದು ಬಹಳವಾಗಿ ನೊಂದನು. ಅವನ ಬಾಗಿಲಿಗೆ ಪ್ರಶ್ನೆ ಕೇಳಲು ಬರುವ ಹುಡುಗರಿರಲಿಲ್ಲ.

ಆದ್ದರಿಂದ ಹರ್ನನ ದಿನಚರಿಯನ್ನು ಜಪಾನೀ ಮನಸ್ಸಿನ ಶಾಸ್ತ್ರವೆಂದು ಓದುವುದು ಸಲ್ಲದು. ಅನ್ಯನೊಬ್ಬನನ್ನು ಊರಿನ ಮಕ್ಕಳು ಹೇಗೆ ತಮ್ಮವನನ್ನಾಗಿ ಮಾಡಿಕೊಂಡರೆಂಬ ವೃತ್ತಾಂತವಾಗಿ ಓದಿದರೆ ಅದಕ್ಕೆ ಸಮನಾದದ್ದು ಅಪೂರ್ವ. ಹೊಸದಾಗಿ ಓದುವವರು ಮೊದಲು ಈ ಅಧ್ಯಾಯವನ್ನು ಮುಗಿಸಿ, ಅನಂತರ ದೇವಾಲಯಗಳ ವರ್ಣನೆಗೆ ಹೋಗುವುದು ಲೇಸು.