ಯಾವ ಹೊಸಹಳ್ಳಿ?

ಆಸ್ಪತ್ರೆಯ ಕಡತದಲ್ಲಿ ಇಷ್ಟೇ ಬರೆದಿದೆ ಎನ್ನಿ: ಲಕ್ಷ್ಮಮ್ಮ, 52, ಹೊಸಹಳ್ಳಿ. ವಿಜಯನಗರದ ಪಕ್ಕ ಮೆಟ್ರೊ ನಿಲ್ಲುವ ಹೊಸಹಳ್ಳಿಯೋ, ಬೇರೆ ಜಿಲ್ಲೆಯದೋ? ಕರ್ನಾಟಕದ ತುಂಬ ಹೊಸಹಳ್ಳಿಗಳಿವೆ. ಬೆಂಗಳೂರಿನ ಕ್ಯಾನ್ಸರ್ ಲೆಕ್ಕಕ್ಕೆ ಸೇರಲು ಆಕೆ ಇಲ್ಲಿ ಕನಿಷ್ಠ ಒಂದು ವರ್ಷ ನೆಲೆಸಿರಬೇಕು. ಚಿಕಿತ್ಸೆಗೆಂದು ಬಂದು ನೆಂಟರ ಮನೆಯಲ್ಲಿ ಉಳಿದವರನ್ನು ಸೇರಿಸುವಂತಿಲ್ಲ.

ಹೀಗೆ ಬಿಡದೆ ವಿಚಾರಿಸುವವರು ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ನೋಂದಣಿ ಸಿಬ್ಬಂದಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಯೋಜನೆಯಡಿ 1982ರಲ್ಲಿ ಮುಂಬೈ, ಚೆನ್ನೈಗಳ ಜೊತೆ ಬೆಂಗಳೂರಿನಲ್ಲೂ ಈ ಕೆಲಸ ಶುರುವಾಯಿತು. ಮಾಹಿತಿ ತಾನಾಗಿ ಬರಲೆಂದು ಅವರು ಕಾಯುವುದಿಲ್ಲ. ಆಸ್ಪತ್ರೆ, ಲ್ಯಾಬು, ಮರಣ ನೋಂದಣಿ ಕಚೇರಿಗಳಿಗೆ ತಾವೇ ಹೋಗುತ್ತಾರೆ. ನನಗೆ ತುಂಬ ಹಿಡಿಸುವುದು ಮುಂದಿನ ಹಂತ. ಒಬ್ಬಳೇ ಲಕ್ಷ್ಮಮ್ಮ ಮೂರು ಕಡೆ ಮೂರು ಬಗೆಯ ಸ್ಪೆಲ್ಲಿಂಗಿನಲ್ಲಿ ಸಿಗಬಹುದು. ವಯಸ್ಸು, ವಿಳಾಸ, ಗಡ್ಡೆ ಎದ್ದ ಅಂಗ ಎಲ್ಲವನ್ನೂ ಹೋಲಿಸಿ ಒಂದೇ ದಾಖಲೆ ಮಾಡಬೇಕು. ಅವಸರಪಟ್ಟರೆ ಇಬ್ಬರು ಹೆಂಗಸರು ಒಬ್ಬರಾಗಿಬಿಡುತ್ತಾರೆ. ಎಷ್ಟು ದೊಡ್ಡ ಕಂಪ್ಯೂಟರ್ ಇದ್ದರೂ ಈ ತಾಳ್ಮೆಗೆ ಬದಲಿ ಇಲ್ಲವೆಂದೇ ನನ್ನ ನಂಬಿಕೆ.

ಆಮೇಲೆ ಸಂಖ್ಯಾಶಾಸ್ತ್ರಜ್ಞರ ಸರದಿ. ವಯಸ್ಸಾದವರು ಹೆಚ್ಚಿರುವ ಊರಿನಲ್ಲಿ ಕ್ಯಾನ್ಸರ್ ಸಹಜವಾಗಿಯೇ ಹೆಚ್ಚು. ಆ ವ್ಯತ್ಯಾಸವನ್ನು ಸರಿದೂಗಿಸಿದ ಮೇಲೆಯೇ ಊರೂರುಗಳ ಹೋಲಿಕೆ. ದೇಶದ ಇಂಥ ನೋಂದಣಿಗಳ ಅಂಕಿಗಳು ಒಟ್ಟುಗೂಡುವ ರಾಷ್ಟ್ರೀಯ ಕೇಂದ್ರವೂ ಬೆಂಗಳೂರಿನಲ್ಲೇ ಇದೆ. ಬೆಂಗಳೂರಿನ ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರನ್ನು ಸ್ತನ ಕ್ಯಾನ್ಸರ್ ಹಿಂದಿಕ್ಕಿದ್ದು ಗೊತ್ತಾದದ್ದು ವರ್ಷ ತಪ್ಪದೆ ಕೂಡಿಸಿಟ್ಟ ಈ ದಾಖಲೆಗಳಿಂದ. ತಪಾಸಣೆ ಶಿಬಿರ ಎಲ್ಲಿ ಬೇಕು, ಯಾವ ವಯಸ್ಸಿನವರನ್ನು ಮೊದಲು ಕರೆಯಬೇಕು ಎಂದು ಯೋಚಿಸುವ ಸಂಶೋಧಕರು ಇವನ್ನೇ ತೆರೆಯುತ್ತಾರೆ.